ಉದುರುವ ಕೂದಲೂ ಮುಂಬಯಿಯ ನೀರೂ
(ಸಂಘದ ಮಹಿಳಾ ಕೂಟದಲ್ಲಿ ಓದಿದ ಭಾಷಣ)



ನಾಡು ನುಡಿಗಳ ವಿಚಾರವಾಗಿ ಮಾತಾಡಬೇಕಾದ ಈ ರಾಜ್ಯೋತ್ಸವದ ಸಂದರ್ಭದಲ್ಲಿ ತಲೆಗೂದಲಿನ ವಿಷಯ ಎತ್ತಿಕೊಂಡೆವೆಂದು ತಾವು ನಗಬಹುದು. ಆದರೆ ಊರು ಬಿಟ್ಟು ಮುಂಬಯಿಗೆ ಬಂದ ನಮ್ಮ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತೊಂದಿದೆ: “ಊರಿನಲ್ಲಿದ್ದಾಗ ಜಡೆ ಹಗ್ಗದಂತಿತ್ತು, ಇಲ್ಲಿಯ ನೀರು ಬಿದ್ದ ಮೇಲೆ ಇಲಿಬಾಲವಾಯಿತು.” ಈ ಮಾತು ಎಷ್ಟು ನಿಜವೆಂದು ಸ್ವಲ್ಪ ವಿಚಾರಿಸೋಣ.

ವಿಚಾರಿಸುವುದಕ್ಕೆ ನಮಗೊಂದು ಕಾರಣವುಂಟು. ನಮ್ಮ ಕೂಟಕ್ಕೆ ಬರುವ ಒಬ್ಬ ಎಳೆಯ ತಾಯಿ ಚೊಚ್ಚಲ ಬಾಣಂತನ ಮುಗಿಸಿ ಮೂರನೆಯ ತಿಂಗಳಲ್ಲಿ ತವರಿನಿಂದ ಇಲ್ಲಿಗೆ ಮರಳಿದಳು. ಹದಿನೈದು ದಿನ ಕಳೆಯುವುದರೊಳಗೆ ಬಾಚಣಿಗೆಗೆ ಹಿಡಿ ಹಿಡಿ ಕೂದಲು ಬರತೊಡಗಿತು. ನಾವೆಲ್ಲ ಒಕ್ಕೊರಲಿನಿಂದ ನೀರನ್ನು ದೂರಿದೆವು. ನಮ್ಮಲ್ಲಿ ಕೆಲವರು ಎಣ್ಣೆ ಹೇಳಿಕೊಟ್ಟೆವು. ಕೆಲವರು ಮಗುವಿಗೆ ಹಾಲು ಬಿಡಿಸೆಂದೆವು. ಪಾಪ, ಆಕೆ ತಲೆಗೆ ಎರೆದುಕೊಳ್ಳುವುದನ್ನೇ ನಿಲ್ಲಿಸಿದಳು. ಕೂಸಿನ ಹಾಲನ್ನೂ ಬಿಡಿಸುವುದರಲ್ಲಿದ್ದಳು. ವೈದ್ಯೆಯೊಬ್ಬರು ತಡೆದು ತಿಳಿಹೇಳಿದ ಮೇಲೆಯೇ ನಮ್ಮ ತಪ್ಪು ನಮಗೆ ಗೊತ್ತಾದದ್ದು. ಅದರ ಒಪ್ಪಿಗೆಯೇ ಈ ಭಾಷಣ.

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿವೆ. ಅವು ಒಟ್ಟಿಗೆ ಹುಟ್ಟಿ ಒಟ್ಟಿಗೆ ಬೀಳತಕ್ಕವಲ್ಲ. ಮುತ್ತುಗದ ಮರವನ್ನು ನೋಡಿರಿ. ಕಾಲ ಬಂದಾಗ ಎಲೆಯನ್ನೆಲ್ಲ ಉದುರಿಸಿ ಬೋಳಾಗಿ ನಿಲ್ಲುತ್ತದೆ. ತೆಂಗಿನ ಮರ ಹಾಗಲ್ಲ. ಮೇಲೆ ಹೊಸ ಸುಳಿ ಬಿಚ್ಚುತ್ತಿರುವಾಗ ಕೆಳಗೆ ಹಳೆಯ ಗರಿ ಕಳಚುತ್ತದೆ. ತಲೆ ಮಾತ್ರ ಸದಾ ತುಂಬಿಯೇ ಇರುತ್ತದೆ. ಮನುಷ್ಯನ ತಲೆ ತೆಂಗಿನ ಜಾತಿಯದು.

ಪ್ರತಿಯೊಂದು ಕೂದಲಿಗೂ ಮೂರು ಅವಸ್ಥೆಗಳುಂಟು. ಮೊದಲನೆಯದು ಬೆಳೆಯುವ ಕಾಲ. ಅದು 2ರಿಂದ 6 ವರ್ಷಗಳವರೆಗೆ ನಡೆಯುತ್ತದೆ. ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳವಣಿಗೆ. ಜಡೆ ಸೊಂಟ ಮುಟ್ಟುವುದೋ ಹೆಗಲಿಗೇ ನಿಲ್ಲುವುದೋ ಎಂಬುದು ಹೆಚ್ಚಾಗಿ ಈ ಕಾಲದ ಉದ್ದವನ್ನು ಅವಲಂಬಿಸಿದೆ. ಅದಾದರೋ ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು. ಎರಡನೆಯದು 2-3 ವಾರಗಳ ಸಂಧಿಕಾಲ. ಆಗ ಬೆಳವಣಿಗೆ ನಿಂತು ಬುಡ ಕುಗ್ಗುತ್ತದೆ. ಮೂರನೆಯದು ಸುಮಾರು 3 ತಿಂಗಳ ವಿಶ್ರಾಂತಿ. ಆಮೇಲೆ ಹಳೆಯ ಕೂದಲು ಕಳಚುತ್ತದೆ. ಅದೇ ಗುಳಿಯಲ್ಲಿ ಹೊಸದು ಮೊಳೆಯುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಯಾವ ಹೊತ್ತಿನಲ್ಲಿ ನೋಡಿದರೂ ನೂರಕ್ಕೆ ಸುಮಾರು 10 ಕೂದಲುಗಳು ವಿಶ್ರಾಂತಿಯಲ್ಲಿರುತ್ತವೆ. ಅಂದರೆ 1 ಲಕ್ಷದಲ್ಲಿ 10,000. ಇವು ಸುಮಾರು 100 ದಿನಗಳಲ್ಲಿ ಬೀಳಬೇಕಾದರೆ ದಿನಕ್ಕೆ 100 ಆಯಿತು. ದಿನಕ್ಕೆ 50ರಿಂದ 100 ಕೂದಲು ಹೋಗುವುದು ರೋಗವಲ್ಲವೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ವಾರಕ್ಕೊಮ್ಮೆ ಎರೆದುಕೊಳ್ಳುವವರಿಗೆ ವಾರದ ಬಾಕಿಯೆಲ್ಲ ಒಂದೇ ದಿನ ಬಚ್ಚಲಲ್ಲಿ ಸಂದಾಯವಾಗುತ್ತದೆ. ಹೆದರಿ ಸ್ನಾನ ಮುಂದೂಡಿದರೆ ಬಾಕಿ ಬೆಳೆಯುವುದೇ ಹೊರತು ಕೂದಲು ಉಳಿಯುವುದಿಲ್ಲ.

ಹಾಗಾದರೆ ಹಿಡಿ ಹಿಡಿಯಾಗಿ ಉದುರುವುದೇಕೆ? ಟೈಫಾಯಿಡ್, ಡೆಂಗೆಗಳಂಥ ಜ್ವರ, ದೊಡ್ಡ ಶಸ್ತ್ರಕ್ರಿಯೆ, ತೂಕ ಇಳಿಸುವ ಹಟದ ಉಪವಾಸ, ತಡೆಯಲಾರದ ದುಃಖ, ಇಂಥ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲುಗಳಲ್ಲಿ ಎಷ್ಟೋ ಒಮ್ಮೆಲೇ ವಿಶ್ರಾಂತಿಗೆ ಸರಿಯುತ್ತವೆ. ಸರಿದೊಡನೆ ಬೀಳುವುದಿಲ್ಲ, ಎರಡು ಮೂರು ತಿಂಗಳು ಬಿಟ್ಟು ಒಟ್ಟಾಗಿ ಬೀಳುತ್ತವೆ. ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ 1961ರಲ್ಲಿ ಇದನ್ನು ‘ಟೆಲೊಜೆನ್ ಎಫ್ಲುವಿಯಂ’ ಎಂಬ ಹೆಸರಿನಿಂದ ವಿವರಿಸಿದರು. 2020-21ರಲ್ಲಿ ಕೊರೋನಾದಿಂದ ಎದ್ದ ಎಷ್ಟೋ ಮಂದಿಗೆ ಇದರ ಅನುಭವವಾಗಿದೆ.

ಬಾಣಂತಿಯ ಕಥೆಯೂ ಇದೇ. ಬಸುರಿನಲ್ಲಿ ಈಸ್ಟ್ರೋಜೆನ್ ಎಂಬ ಹಾರ್ಮೋನು ಏರಿ ಕೂದಲಿನ ಬೆಳೆಯುವ ಕಾಲವನ್ನು ಹಿಗ್ಗಿಸುತ್ತದೆ; ಜಡೆ ದಪ್ಪವಾಗಿ ಕಾಣುತ್ತದೆ. ಹೆರಿಗೆಯಾದ ಮೇಲೆ ಅದು ಇಳಿದು, ತಡೆದು ನಿಂತಿದ್ದ ಕೂದಲುಗಳು ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತವೆ. ಈಗ ನೋಡಿರಿ: ತವರಿನ ಬಾಣಂತನ ಮೂರು ತಿಂಗಳು, ಕೂದಲಿನ ವಿಶ್ರಾಂತಿಯೂ ಮೂರು ತಿಂಗಳು. ಕಳಚುವ ಹೊತ್ತಿಗೆ ಸರಿಯಾಗಿ ಹೆಣ್ಣು ಮುಂಬಯಿಯ ನಲ್ಲಿಯ ಕೆಳಗೆ ತಲೆಯೊಡ್ಡಿರುತ್ತಾಳೆ. ಅಪವಾದ ನೀರಿನ ಮೇಲೆ!

ಆ ನೀರಾದರೂ ಎಲ್ಲಿಯದು? ನಗರಪಾಲಿಕೆಯ ನಲ್ಲಿಗೆ ಬರುವುದು ಬಹುಪಾಲು ಭಾತ್ಸಾ, ವೈತರಣಾ, ತಾನಸಾ ಮುಂತಾದ ಜಲಾಶಯಗಳಲ್ಲಿ ನಿಂತ ಮಳೆಯ ನೀರೇ. ನಮ್ಮ ಮಲೆನಾಡಿನ ಮೇಲೆ ಸುರಿಯುವ ಮುಂಗಾರೇ ಅಲ್ಲಿಯೂ ಸುರಿಯುತ್ತದೆ. ಕೊಳವೆ ಬಾವಿಯ ಗಡಸು ನೀರು ಕೂದಲನ್ನು ಒರಟು ಮಾಡಬಹುದು, ನಿಜ. ಅನುಮಾನವಿದ್ದರೆ ಬಿದ್ದ ಕೂದಲಿನ ತುದಿ ನೋಡಿರಿ. ಬಿಳಿಯ ಪುಟ್ಟ ಗಂಟಿದ್ದರೆ ಅದು ಕಾಲ ತೀರಿ ಕಳಚಿದ್ದು. ಗಂಟಿಲ್ಲದಿದ್ದರೆ ನಡುವೆ ತುಂಡಾದದ್ದು.

ಆದುದರಿಂದ ಕೂದಲು ಉದುರಿದಾಗ ಇಂದಿನ ನೀರನ್ನು ದೂರುವ ಮೊದಲು ಮೂರು ತಿಂಗಳ ಹಿಂದೆ ಏನಾಯಿತೆಂದು ನೆನೆಯಿರಿ. ಇಂಥ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿಯೇ ತಗ್ಗುತ್ತದೆ. ಎಣ್ಣೆ ಕೂದಲನ್ನು ನುಣುಪು ಮಾಡೀತು, ಚಕ್ರವನ್ನು ತಿರುಗಿಸಲಾರದು. ಬೇಳೆ, ಕಾಳು, ಸೊಪ್ಪು, ಹಾಲು, ಒಗ್ಗುವವರಿಗೆ ಮೊಟ್ಟೆ ಮೀನು, ಇವುಗಳಲ್ಲಿ ಕೊರತೆ ಮಾಡಬೇಡಿರಿ. ಹಾಲೂಡಿಸುವುದನ್ನು ಕೂದಲಿಗಾಗಿ ನಿಲ್ಲಿಸಬೇಕಾಗಿಲ್ಲ.

ಹಾಗೆಂದು ಎಲ್ಲವನ್ನೂ ಕಾಲಕ್ಕೇ ಬಿಡುವುದೂ ತರವಲ್ಲ. ಉದುರುವುದು ಆರು ತಿಂಗಳು ಮೀರಿದರೆ, ಬೈತಲೆ ಅಗಲವಾಗುತ್ತ ಬಂದರೆ, ಬಿಲ್ಲೆಬಿಲ್ಲೆಯಾಗಿ ಬೋಳಾದರೆ, ನೆತ್ತಿಯಲ್ಲಿ ತುರಿಕೆ, ಹೊಟ್ಟು, ನೋವು ಇದ್ದರೆ ವೈದ್ಯರಲ್ಲಿಗೆ ಹೋಗತಕ್ಕದ್ದು. ರಕ್ತದಲ್ಲಿ ಕಬ್ಬಿಣದ ಕೊರತೆಯೋ ಥೈರಾಯಿಡಿನ ತೊಂದರೆಯೋ ಇದ್ದರೆ ಪರೀಕ್ಷೆಯಿಂದ ತಿಳಿಯುತ್ತದೆ, ಚಿಕಿತ್ಸೆಯೂ ಉಂಟು.

ಮೊನ್ನೆ ಆ ತಾಯಿಯ ಕೂಸಿನ ಮೊದಲ ಹುಟ್ಟುಹಬ್ಬಕ್ಕೆ ಹೋಗಿದ್ದೆವು. ಆಕೆಯ ಹಣೆಯಂಚಿನಲ್ಲಿ ಬೆರಳುದ್ದದ ಹೊಸ ಕೂದಲು ಬಾಚಣಿಗೆಗೆ ಬಗ್ಗದೆ ನಿಂತಿತ್ತು. ಮನೆಯೂ ಅದೇ, ನಲ್ಲಿಯೂ ಅದೇ. ಊರಿಂದೂರಿಗೆ ಬಂದ ನಾವು ಒಬ್ಬರಿಗೊಬ್ಬರು ಅಮ್ಮ, ಅಕ್ಕಂದಿರಾಗಿ ನಿಲ್ಲಬೇಕಾದವರು. ಇನ್ನು ಮುಂದೆ ಎಳೆಯ ತಾಯಂದಿರಿಗೆ ಬುದ್ಧಿ ಹೇಳುವ ಮೊದಲು ನಾವು ತಿಳಿದುಕೊಳ್ಳುವೆವು.