ಇಂಧನ ಸಂವೇದಕದ ರಕ್ಷಣೆ: ಸ್ವಚ್ಛ ವಾಹಿನಿಯ ಲೆಕ್ಕ, ಚಾಲಕಿಯ ಗೌರವ

(ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸ)



ಮನೆ ಮನೆಯಿಂದ ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿಯನ್ನು ಅನೇಕ ಗ್ರಾಮಗಳಲ್ಲಿ ಸ್ವಸಹಾಯ ಸಂಘದ ಸಹೋದರಿಯರೇ ಚಲಾಯಿಸುತ್ತಿದ್ದಾರೆ. ಅದಕ್ಕೆ ತುಂಬಿಸುವ ಡೀಸೆಲ್ ಗ್ರಾಮದ ಹಣ. ವಾಹನಕ್ಕೆ ಇಂಧನ ಸಂವೇದಕ ಅಳವಡಿಸಿದಲ್ಲಿಗೆ ನಮ್ಮ ಹೊಣೆ ಮುಗಿಯುವುದಿಲ್ಲ. ಸಂವೇದಕ ಕೆಟ್ಟರೆ ಲೆಕ್ಕ ತಪ್ಪುತ್ತದೆ; ಲೆಕ್ಕ ತಪ್ಪಿದರೆ ಮೊದಲ ಸಂಶಯ ಚಾಲಕಿಯ ಮೇಲೆ ಬೀಳುತ್ತದೆ.

ಸಾಮಾನ್ಯ ಬಗೆಯ ಸಂವೇದಕದಲ್ಲಿ ಒಂದರೊಳಗೊಂದು ಇರುವ ಎರಡು ಲೋಹದ ಕೊಳವೆಗಳು ಟ್ಯಾಂಕಿನೊಳಗೆ ಇಳಿದಿರುತ್ತವೆ. ಅವುಗಳ ನಡುವೆ ಡೀಸೆಲ್ ಏರಿಳಿದಂತೆ ವಿದ್ಯುತ್ ಧಾರಣಶಕ್ತಿ ಬದಲಾಗುತ್ತದೆ. ಇದನ್ನು ನಿರ್ಧರಿಸುವ ಗುಣಾಂಕ ಡೀಸೆಲ್‌ಗೆ ಸುಮಾರು 2, ನೀರಿಗೆ ಸುಮಾರು 80. ಆದ್ದರಿಂದ ಟ್ಯಾಂಕಿಗೆ ಸ್ವಲ್ಪ ನೀರು ಸೇರಿದರೂ ಅಂಕಿ ಹುಸಿಯಾಗುತ್ತದೆ. 2019ರ ಆಗಸ್ಟ್‌ನ ಪ್ರವಾಹ ಕಂಡ ಘಟಪ್ರಭೆಯ ದಂಡೆಯ ಊರುಗಳಿಗೆ ಈ ಎಚ್ಚರಿಕೆ ವಿಶೇಷವಾಗಿ ಅಗತ್ಯ.

ಅಂಕಿಯನ್ನು ಓದುವ ಕ್ರಮವೂ ತಿಳಿದಿರಬೇಕು. ತಗ್ಗುದಿಣ್ಣೆಯ ದಾರಿಯಲ್ಲಿ ಅಂಕಿ ತೂಗಾಡಿದರೆ ಅದು ಇಂಧನದ ತುಳುಕಾಟ. ಅಂಕಿ ಒಮ್ಮೆಲೇ ಶೂನ್ಯವಾದರೆ ತಂತಿ ತುಂಡಾಗಿರಬಹುದು. ನಿಂತ ವಾಹನದಲ್ಲಿ ಮಟ್ಟ ಇಳಿದು ಇಳಿದಂತೆಯೇ ಉಳಿದರೆ ಮಾತ್ರ ಸೋರಿಕೆ ಅಥವಾ ಕಳವಿನ ವಿಚಾರಣೆ ನಡೆಯಲಿ.

ಪ್ರತಿ ಪಂಚಾಯಿತಿಯೂ ಈ ಕ್ರಮಗಳನ್ನು ಕೈಗೊಳ್ಳುವುದು ಸೂಕ್ತ:

1. ಸಂವೇದಕದ ತಲೆ ಹಾಗೂ ತಂತಿಯ ಜೋಡಣೆಗಳಿಗೆ ಕ್ರಮಸಂಖ್ಯೆಯುಳ್ಳ ಸೀಲ್ ಹಾಕಿ, ಆ ಸಂಖ್ಯೆಯನ್ನು ಚಾಲಕಿಯ ಸಮ್ಮುಖದಲ್ಲಿ ವಾಹನದ ಲಾಗ್ ಪುಸ್ತಕದಲ್ಲಿ ನಮೂದಿಸಬೇಕು.

2. ತಂತಿಯನ್ನು ಲೋಹದ ರಕ್ಷಾ ಕೊಳವೆಯೊಳಗೆ, ಚಾಸಿಯ ಒಳಬದಿಯಲ್ಲಿ ಸಾಗಿಸಬೇಕು. ವಾಹನ ತೊಳೆಯುವಾಗ ಜೋಡಣೆಗಳ ಮೇಲೆ ರಭಸದ ನೀರು ಹಾಯಿಸಬಾರದು. ವೆಲ್ಡಿಂಗ್‌ಗೆ ಮುನ್ನ ಬ್ಯಾಟರಿಯ ಸಂಪರ್ಕ ಕಳಚಬೇಕು.

3. ಟ್ಯಾಂಕ್ ಅಥವಾ ಸಂವೇದಕ ಬದಲಾದಾಗ, ಅಳತೆಯ ಕ್ಯಾನಿನಿಂದ 5 ಲೀಟರಿನಂತೆ ಡೀಸೆಲ್ ತುಂಬಿಸುತ್ತ ಅಂಕಿಯನ್ನು ಹೊಸದಾಗಿ ಹೊಂದಿಸಬೇಕು.

4. ಪ್ರತಿ ತಿಂಗಳು ಬಂಕಿನ ರಸೀದಿ, ಓಡಿದ ಕಿಲೋಮೀಟರ್ ಹಾಗೂ ಸಂವೇದಕದ ಅಂಕಿ, ಈ ಮೂರನ್ನೂ ಹೋಲಿಸಿ ಸಭೆಯ ಮುಂದಿಡಬೇಕು.

ಪಂಚಾಯಿತಿಯ ವಾಹನ ಸಾರ್ವಜನಿಕ ಆಸ್ತಿ. ಉದ್ದೇಶಪೂರ್ವಕವಾಗಿ ಹಾನಿ ಮಾಡಿದವರಿಗೆ 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆಯಡಿ ಐದು ವರ್ಷಗಳವರೆಗೆ ಸೆರೆವಾಸ ಹಾಗೂ ದಂಡ ವಿಧಿಸಲು ಅವಕಾಶವಿದೆ. ಆದರೆ ಸೀಲ್, ತಂತಿ ಹಾಗೂ ಲಾಗ್ ಪುಸ್ತಕಗಳನ್ನು ಪರಿಶೀಲಿಸದೆ ಯಾರ ಮೇಲೂ ಆರೋಪ ಹೊರಿಸಬಾರದು. ನಸುಕಿನಲ್ಲೇ ಕಸದ ಬಂಡಿ ಹೊರಡಿಸುವ ಹೆಣ್ಣುಮಗಳಿಗೆ ಪ್ರಾಮಾಣಿಕತೆಯೇ ದೊಡ್ಡ ಆಸ್ತಿ. ಸಂವೇದಕವನ್ನು ಕಾಪಾಡುವುದೆಂದರೆ ಅದಕ್ಕೊಂದು ಸಾಕ್ಷಿಯನ್ನು ಕಾಪಾಡಿದಂತೆ. ಮುಂದಿನ ಸಾಮಾನ್ಯ ಸಭೆಯಲ್ಲಿಯೇ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿಕೊಳ್ಳಬೇಕೆಂದು ವಿನಂತಿಸುತ್ತೇನೆ.