ಬಸದಿಯ ಮೊಗಸಾಲೆ: ಬಾಳಿನುದ್ದದ ಕಲಿಕೆಗೊಂದು ನೆಲೆ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ನೀಡಿದ ಉಪನ್ಯಾಸ)

ಶ್ರೀ ವೀತರಾಗಾಯ ನಮಃ

 

ಗರ್ಭ, ಜನ್ಮ, ದೀಕ್ಷಾ, ಕೇವಲಜ್ಞಾನ, ನಿರ್ವಾಣ ಎಂಬ ಐದು ಕಲ್ಯಾಣಗಳು ವಿಧಿಪೂರ್ವಕವಾಗಿ ನೆರವೇರಿದಾಗ ಶಿಲೆಯು ಬಿಂಬವಾಗುತ್ತದೆ, ಕಟ್ಟಡವು ಜಿನಾಲಯವಾಗುತ್ತದೆ. ಈ ಐದರಲ್ಲಿ ನಾಲ್ಕನೆಯದನ್ನು ಕುರಿತು ತುಸು ಚಿಂತಿಸುವುದು ಉಚಿತ. ಕೇವಲಜ್ಞಾನವಾದೊಡನೆ ಸಮವಸರಣವು ರಚಿತವಾಗುತ್ತದೆ. ಅದರಲ್ಲಿ ಹನ್ನೆರಡು ಕೋಷ್ಠಗಳು. ಮುನಿಗಳು, ಆರ್ಯಿಕೆಯರು, ಶ್ರಾವಕ ಶ್ರಾವಿಕೆಯರು, ದೇವದೇವಿಯರು, ಕಡೆಗೆ ಪಶುಪಕ್ಷಿಗಳು ಕೂಡ ತಮ್ಮ ತಮ್ಮ ಸ್ಥಾನದಲ್ಲಿ ಕುಳಿತು ದಿವ್ಯಧ್ವನಿಯನ್ನು ಆಲಿಸುತ್ತವೆ. ಪ್ರತಿಯೊಂದು ಜೀವಿಗೂ ಅದು ತನ್ನ ಭಾಷೆಯಲ್ಲಿಯೇ ತಿಳಿಯುತ್ತದೆ ಎಂದು ಪುರಾಣಗಳು ವರ್ಣಿಸುತ್ತವೆ. ಆ ಸಭೆಯನ್ನು ಪ್ರವೇಶಿಸುವುದಕ್ಕೆ ವಯಸ್ಸಿನ ಕಟ್ಟಳೆಯಿಲ್ಲ, ಪರೀಕ್ಷೆಯಿಲ್ಲ. ಬಸದಿಯು ಸಮವಸರಣದ ಪ್ರತಿರೂಪವೆಂಬ ಮಾತು ನಿಜವಾದರೆ, ಕೇಳುವವರೂ ಕಲಿಯುವವರೂ ಇಲ್ಲದ ಬಸದಿಯು ಅಪೂರ್ಣವೇ ಸರಿ.

ಪ್ರತಿಷ್ಠೆಯ ದಿನಗಳಲ್ಲಿ ಚಪ್ಪರದ ತುಂಬ ಜನ. ಚಪ್ಪರ ಬಿಚ್ಚಿದ ಮರುವಾರ ಅರ್ಚಕರೊಬ್ಬರು, ಮುಂಜಾನೆ ಬಂದುಹೋಗುವ ನಾಲ್ಕು ಜನ ವೃದ್ಧರು. ಅನೇಕ ಊರುಗಳಲ್ಲಿ ಕಾಣುವ ಈ ಸ್ಥಿತಿಯೇ ಈ ಉಪನ್ಯಾಸದ ಪ್ರಸ್ತಾಪಕ್ಕೆ ಕಾರಣ. ಬಸದಿಯ ಮೊಗಸಾಲೆಯಲ್ಲಿ, ಬಾಲರಿಂದ ವೃದ್ಧರವರೆಗೆ ಎಲ್ಲರೂ ಬಾಳಿನುದ್ದಕ್ಕೂ ಕಲೆ, ಸಾಹಿತ್ಯ, ಸಂಸ್ಕೃತಿಗಳನ್ನು ಕಲಿಯುವ ಮತ್ತು ಕಲಿಸುವ ಒಂದು ನೆಲೆಯನ್ನು ಸಮಾಜವು ಕಟ್ಟಿಕೊಳ್ಳಬೇಕು ಎಂಬುದೇ ಆ ಪ್ರಸ್ತಾಪ.

ಇದು ಹೊಸ ವಿಚಾರವೇನೂ ಅಲ್ಲ. ಕರ್ಮಭೂಮಿಯ ಆರಂಭವೇ ವಿದ್ಯಾದಾನದಿಂದ ಆಯಿತು. ಆದಿದೇವನು ಮೊದಲು ತನ್ನ ಹೆಣ್ಣುಮಕ್ಕಳನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಕಲಿಸಿದನು. ತರುವಾಯ ಭರತನಿಗೆ ಅರ್ಥಶಾಸ್ತ್ರ ಮತ್ತು ನಾಟ್ಯ, ವೃಷಭಸೇನನಿಗೆ ಸಂಗೀತ, ಅನಂತವಿಜಯನಿಗೆ ಚಿತ್ರಕಲೆ, ಬಾಹುಬಲಿಗೆ ಆಯುರ್ವೇದ, ಧನುರ್ವೇದ, ರತ್ನಪರೀಕ್ಷೆ ಮುಂತಾದವುಗಳನ್ನು ಉಪದೇಶಿಸಿದನೆಂದು ಜಿನಸೇನಾಚಾರ್ಯರ ಆದಿಪುರಾಣವು ಹೇಳುತ್ತದೆ. ಆ ಕಥೆಯನ್ನೇ ಪಂಪನು 941ರಲ್ಲಿ ಕನ್ನಡ ಕಾವ್ಯವಾಗಿಸಿದನು. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳಲ್ಲಿ ಬರವಣಿಗೆ, ವಿದ್ಯೆ, ಶಿಲ್ಪ ಮೂರೂ ಸೇರಿರುವುದು ಗಮನಾರ್ಹ. ಪ್ರಥಮ ತೀರ್ಥಂಕರನು ಪ್ರಥಮ ಉಪಾಧ್ಯಾಯನೂ ಹೌದು; ಅವನ ಪ್ರಥಮ ಶಿಷ್ಯೆಯರು ಮನೆಯ ಹೆಣ್ಣುಮಕ್ಕಳು.

ಕಲೆಯು ರಾಗವನ್ನು ಹೆಚ್ಚಿಸುವಂತಹದು, ಅದಕ್ಕೆ ಬಸದಿಯ ಆವರಣದಲ್ಲಿ ಸ್ಥಾನವೇತಕ್ಕೆ ಎಂದು ಶಂಕಿಸುವ ಹಿರಿಯರಿದ್ದಾರೆ. ಅವರ ಶಂಕೆಯಲ್ಲಿ ಧರ್ಮಶ್ರದ್ಧೆಯೇ ಇದೆ. ಅದಕ್ಕೆ ಉತ್ತರವೂ ಆದಿಪುರಾಣದಲ್ಲಿಯೇ ದೊರೆಯುತ್ತದೆ. ನೀಲಾಂಜನೆಯು ನರ್ತಿಸುತ್ತಿರುವಾಗಲೇ ಅವಳ ಆಯುಸ್ಸು ತೀರಿತು. ರಸಭಂಗವಾಗದಂತೆ ಇಂದ್ರನು ಅವಳನ್ನೇ ಹೋಲುವ ಮತ್ತೊಬ್ಬಳನ್ನು ತತ್‌ಕ್ಷಣ ಅಲ್ಲಿ ನಿಲ್ಲಿಸಿದನು. ಸಭೆಯು ಅದನ್ನರಿಯದೆ ನೃತ್ಯವನ್ನು ನೋಡುತ್ತಲೇ ಇತ್ತು. ಆದಿದೇವನು ಮಾತ್ರ ವ್ಯತ್ಯಾಸವನ್ನು ಕಂಡನು, ವೈರಾಗ್ಯವನ್ನು ತಾಳಿದನು. ನಾಟ್ಯವನ್ನು ಬಲ್ಲ ಕಣ್ಣಿಗೆ ಕಂಡದ್ದು ಉಳಿದ ಕಣ್ಣುಗಳಿಗೆ ಕಾಣಲಿಲ್ಲ. ಸಂಯಮದೊಡನೆ ಕಲಿತ ಕಲೆಯು ನೋಟವನ್ನು ಸೂಕ್ಷ್ಮಗೊಳಿಸುತ್ತದೆ. ಸೂಕ್ಷ್ಮವಾದ ನೋಟವು ಅನಿತ್ಯವನ್ನು ಅನಿತ್ಯವೆಂದೇ ಅರಿಯುತ್ತದೆ.

ಕನ್ನಡ ನಾಡಿನ ಶ್ರಾವಕರು ಈ ತತ್ತ್ವವನ್ನು ಆಚರಣೆಗೆ ತಂದವರು. ಆಹಾರ, ಔಷಧ, ಅಭಯಗಳ ಜೊತೆಯಲ್ಲಿ ಶಾಸ್ತ್ರದಾನವನ್ನೂ ಅವರು ಸಮಾನವಾಗಿ ಎಣಿಸಿದರು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಮುದ್ರಣಯಂತ್ರದ ಕನಸೂ ಇಲ್ಲದ ಕಾಲ ಅದು. ಪ್ರತಿಯೊಂದು ಓಲೆಯನ್ನೂ ಹದಗೊಳಿಸಿ, ಕಂಠದಿಂದ ಕೊರೆದು, ಮಸಿ ತೊಡೆದು, ದಾರ ಪೋಣಿಸಿ, ಹಲಗೆಯ ನಡುವೆ ಕಟ್ಟಬೇಕು. ಸಾವಿರ ಪ್ರತಿಗಳೆಂದರೆ ಎಷ್ಟು ಜನ ಲಿಪಿಕಾರರ ಎಷ್ಟು ಕಾಲದ ದುಡಿಮೆ! ಅದೇ ಮಹಾತಾಯಿಯು ಲಕ್ಕುಂಡಿಯಲ್ಲಿ ಜಿನಾಲಯವನ್ನು ಕಟ್ಟಿಸಿದಳು, ರನ್ನನಿಗೆ ಆಶ್ರಯವಿತ್ತಳು. ಆ ರನ್ನನೂ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿ, ವಿದ್ಯೆಯನ್ನರಸಿ ಶ್ರವಣಬೆಳಗೊಳಕ್ಕೆ ಹೋಗಿ ಅಜಿತಸೇನಾಚಾರ್ಯರ ಪದತಲದಲ್ಲಿ ಕಲಿತವನು. ನೋಂಪಿಯ ಉದ್ಯಾಪನೆಗೆ ಗ್ರಂಥವನ್ನು ಬರೆಯಿಸಿ ಅರ್ಪಿಸುವ ಪದ್ಧತಿಯೂ ಇತ್ತು. ಮೂಡಬಿದಿರೆಯಲ್ಲಿ ಉಳಿದುಬಂದ ಮಹಾಬಂಧದ ಪ್ರತಿಯನ್ನು ಬರೆಯಿಸಿದ ಮಲ್ಲಿಕಬ್ಬೆಯು ಶ್ರೀಪಂಚಮಿ ನೋಂಪಿಯ ಉದ್ಯಾಪನೆಗೆಂದೇ ಅದನ್ನು ಮಾಡಿಸಿದಳು.

ಮೂಡಬಿದಿರೆಯ ಹೆಸರು ಬಂದಾಗ ಒಂದು ಹೆಮ್ಮೆಯ ಸಂಗತಿಯನ್ನೂ ಒಂದು ಎಚ್ಚರಿಕೆಯನ್ನೂ ಒಟ್ಟಿಗೆ ನೆನೆಯಬೇಕಾಗುತ್ತದೆ. ಗಿರಿನಾರದ ಗುಹೆಯಲ್ಲಿ ಧರಸೇನಾಚಾರ್ಯರು ತಮ್ಮ ಬಳಿ ಉಳಿದಿದ್ದ ಶ್ರುತವನ್ನು ಪುಷ್ಪದಂತ, ಭೂತಬಲಿಗಳಿಗೆ ಕಲಿಸಿದರು. ಷಟ್ಖಂಡಾಗಮವು ಗ್ರಂಥರೂಪ ತಾಳಿತು. ವೀರಸೇನಾಚಾರ್ಯರು 816ರಲ್ಲಿ ಅದಕ್ಕೆ ಧವಲಾ ಟೀಕೆಯನ್ನು ಪೂರೈಸಿ ಜಯಧವಲೆಯನ್ನು ಆರಂಭಿಸಿದರು. ಅವರು ಬಿಟ್ಟುಹೋದುದನ್ನು ಶಿಷ್ಯ ಜಿನಸೇನರು 837ರಲ್ಲಿ ಮುಗಿಸಿದರು. ಜಿನಸೇನರು ಮುಗಿಸದೆ ಹೋದ ಮಹಾಪುರಾಣವನ್ನು ಅವರ ಶಿಷ್ಯ ಗುಣಭದ್ರರು ಪೂರ್ಣಗೊಳಿಸಿದರು. ಗುರುವಿನ ಕೈಯಿಂದ ಶಿಷ್ಯನ ಕೈಗೆ ಲೇಖನಿ ಜಾರದೆ ಸಾಗಿದ ಪರಂಪರೆ ಇದು. ಈ ಸಿದ್ಧಾಂತಗ್ರಂಥಗಳ ಪ್ರಾಚೀನ ತಾಳೆಗರಿಗಳನ್ನು ಕಾಪಾಡಿದ ಕೀರ್ತಿ ಮೂಡಬಿದಿರೆಯ ಸಿದ್ಧಾಂತ ಬಸದಿಗೆ ಸಲ್ಲುತ್ತದೆ. ಅವುಗಳ ಕೆಲವು ಓಲೆಗಳ ಮೇಲಿನ ಹೊಯ್ಸಳ ಕಾಲದ ವರ್ಣಚಿತ್ರಗಳು ಕಲಾಪ್ರಪಂಚದಲ್ಲಿ ಪ್ರಸಿದ್ಧವಾಗಿವೆ.

ಆದರೆ ಬಹುಕಾಲ ಆ ಗ್ರಂಥಗಳಿಗೆ ದರ್ಶನ ಪೂಜೆಗಳು ನಡೆದವೇ ಹೊರತು ಪಠನ ನಡೆಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗುವ ವೇಳೆಗೆ ಹಳೆಯ ಅಕ್ಷರವನ್ನು ಓದಬಲ್ಲವರು ವಿರಳರಾಗಿದ್ದರು, ಕೆಲವು ಓಲೆಗಳು ಮುರಿದು ನಶಿಸಿದ್ದವು. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯ ಪ್ರಥಮ ಸಂಪುಟ 1939ರಲ್ಲಿ ಅಚ್ಚಾಯಿತು; 16 ಸಂಪುಟಗಳು ಪೂರ್ಣವಾಗಲು ಎರಡು ದಶಕಗಳೇ ಬೇಕಾದವು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಕನ್ನಡ ಪ್ರಾಂತದ ತಾಡಪತ್ರ ಗ್ರಂಥಗಳ ಸೂಚಿ 1948ರಲ್ಲಿ ಪ್ರಕಟವಾದಾಗಲೇ ಮಠ ಬಸದಿಗಳ ಪೆಟ್ಟಿಗೆಗಳಲ್ಲಿ ಏನೇನಿದೆಯೆಂಬುದು ನಾಡಿಗೆ ತಿಳಿದುಬಂದಿತು. ಮುಚ್ಚಿಟ್ಟ ಗ್ರಂಥಕ್ಕೆ ಹುಳು ಶತ್ರು. ಓದುವವರಿಲ್ಲದ ಗ್ರಂಥಕ್ಕೆ ಮರೆವು ಶತ್ರು. ಎರಡನೆಯದಕ್ಕೆ ಎಣ್ಣೆ ಹಚ್ಚಿದರೆ ಪರಿಹಾರವಾಗದು.

ಇಂದು ಆ ಅಪಾಯವು ಗ್ರಂಥಗಳಿಗಿಂತ ಹೆಚ್ಚಾಗಿ ಮನುಷ್ಯರಲ್ಲಿರುವ ವಿದ್ಯೆಗೆ ಬಂದೊದಗಿದೆ. ರತ್ನಾಕರವರ್ಣಿಯ ಭರತೇಶವೈಭವದ ಸಾಂಗತ್ಯವನ್ನು ರಾಗವಾಗಿ ಹಾಡಬಲ್ಲ ಅಜ್ಜಿಯರು, ನೋಂಪಿಯ ಕಥೆಗಳನ್ನು ಪುಸ್ತಕವಿಲ್ಲದೆ ಹೇಳಬಲ್ಲವರು, ಆರಾಧನೆಗೆ ಬಣ್ಣದ ಪುಡಿಯಲ್ಲಿ ಮಂಡಲವನ್ನು ಗೆರೆ ತಪ್ಪದಂತೆ ಬರೆಯಬಲ್ಲ ಪುರೋಹಿತರು, ಓಲೆಗರಿಯನ್ನು ತಡವರಿಸದೆ ಓದಬಲ್ಲ ಪಂಡಿತರು ಊರೂರಿನಲ್ಲಿ ಕಡಿಮೆಯಾಗುತ್ತಿದ್ದಾರೆ. ಅವರಲ್ಲಿ ಒಬ್ಬೊಬ್ಬರು ಸಲ್ಲೇಖನ ಸಮಾಧಿಗಳನ್ನೈದಿದಾಗಲೂ ಒಂದೊಂದು ಭಂಡಾರದ ಬಾಗಿಲು ಮುಚ್ಚುತ್ತದೆ. ಅದರ ಕೀಲಿಯನ್ನು ಅದಕ್ಕೆ ಮುಂಚೆಯೇ ಕಿರಿಯರ ಕೈಗೆ ದಾಟಿಸಬೇಕಾಗಿದೆ.

ಹಾಗಾದರೆ ಈ ನೆಲೆಯನ್ನು ಕಟ್ಟುವ ಬಗೆ ಯಾವುದು? ಹೊಸ ಯೋಜನೆಯನ್ನು ಹುಡುಕಬೇಕಾದುದಿಲ್ಲ. ಅಂತರಂಗ ತಪಸ್ಸುಗಳಲ್ಲಿ ಒಂದಾದ ಸ್ವಾಧ್ಯಾಯಕ್ಕೆ ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಐದು ಭೇದಗಳನ್ನು ಹೇಳಿದ್ದಾರೆ. ಆ ಐದೂ ಒಂದು ಪಾಠಕ್ರಮವೇ ಆಗಿವೆ.

ಮೊದಲನೆಯದು ವಾಚನೆ. ವಾರಕ್ಕೊಮ್ಮೆಯಾದರೂ ಮೊಗಸಾಲೆಯಲ್ಲಿ ಒಬ್ಬರು ಓದಬೇಕು, ಉಳಿದವರು ಕೇಳಬೇಕು. ಹಳೆಗನ್ನಡ ಕಾವ್ಯ, ಶಾಸನಗಳ ಪಾಠ, ಓಲೆಯ ಅಕ್ಷರಗಳ ಪರಿಚಯ ಇದರಲ್ಲಿ ಸೇರುತ್ತವೆ.

ಎರಡನೆಯದು ಪೃಚ್ಛನೆ, ಎಂದರೆ ಪ್ರಶ್ನಿಸುವುದು. ಗಂಗರ ಸೇನಾನಿಯಾಗಿ, ಮಂತ್ರಿಯಾಗಿ ರಾಜ್ಯಭಾರದ ನಡುವೆ ಮುಳುಗಿದ್ದ ಚಾವುಂಡರಾಯನು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಬಳಿ ಶಿಷ್ಯನಾಗಿ ಕುಳಿತನು. ಅವನಿಗಾಗಿಯೇ ಗೊಮ್ಮಟಸಾರವು ರಚಿತವಾಯಿತು. 978ರಲ್ಲಿ ಅವನೇ ಗದ್ಯಪುರಾಣವನ್ನು ಬರೆದನು. ಬಿಡುವಿಲ್ಲವೆಂದು ಹೇಳುವ ವ್ಯಾಪಾರಿ, ಉದ್ಯೋಗಿ, ಕೃಷಿಕ ಬಂಧುಗಳು ಈ ಉದಾಹರಣೆಯನ್ನು ಮನಸ್ಸಿನಲ್ಲಿಡಬಹುದು. ಮಗುವಿನ ಪ್ರಶ್ನೆಯನ್ನು ಗದರಿಸಿ ಸುಮ್ಮನಾಗಿಸುವ ಸಭೆಯಲ್ಲಿ ಸ್ವಾಧ್ಯಾಯದ ಒಂದು ಅಂಗವೇ ಊನವಾಗುತ್ತದೆ.

ಮೂರನೆಯದು ಅನುಪ್ರೇಕ್ಷೆ. ಕೇಳಿದುದನ್ನು ಮನಸ್ಸಿನಲ್ಲಿ ತಿರುತಿರುಗಿ ನೋಡುವುದು. ಶಿಲ್ಪಕ್ಕೂ ಈ ದೃಷ್ಟಿಯೇ ಸಲ್ಲತಕ್ಕದ್ದು. ವೃಷಭ, ಜಿಂಕೆ, ಸರ್ಪ, ಸಿಂಹ ಲಾಂಛನಗಳಿಂದ ಆದಿನಾಥ, ಶಾಂತಿನಾಥ, ಪಾರ್ಶ್ವನಾಥ, ಮಹಾವೀರರನ್ನು ಗುರುತಿಸಲು ಕಲಿತ ಬಾಲಕನು, ಬಾಹುಬಲಿಯ ಮೈಗೆ ಬಳ್ಳಿ ಏಕೆ ಹಬ್ಬಿತೆಂದು ತಾನೇ ಯೋಚಿಸತೊಡಗುತ್ತಾನೆ.

ನಾಲ್ಕನೆಯದು ಆಮ್ನಾಯ, ಎಂದರೆ ಶುದ್ಧವಾದ ಪಾಠ ಮತ್ತು ಅಭ್ಯಾಸ. ಸ್ತೋತ್ರ, ಸಾಂಗತ್ಯ, ಜೋಗುಳ, ಆರತಿಯ ಹಾಡುಗಳು ಬಾಯಿಂದ ಬಾಯಿಗೆ ಇಳಿಯುವುದು ಇಲ್ಲಿಯೇ. ಮಂಡಲರಚನೆಯಂತಹ ಕೈಗೆಲಸವೂ ನೋಡಿ ಮಾಡಿ ಬರುವ ವಿದ್ಯೆಯಾದುದರಿಂದ, ಪ್ರತಿಯೊಂದು ಆರಾಧನೆಯಲ್ಲಿಯೂ ಪುರೋಹಿತರ ಪಕ್ಕದಲ್ಲಿ ಇಬ್ಬರು ಕಿರಿಯರು ಬಣ್ಣ ಹಿಡಿದು ಕುಳಿತಿರಲಿ. ಗುರು ಶಿಷ್ಯರು ಕೂಡಿ ದುಡಿದರೆ ಕಲೆ ಬದುಕುತ್ತದೆಂಬುದಕ್ಕೆ ಸಾಕ್ಷಿಯು ಹತ್ತಿರದಲ್ಲಿಯೇ ಇದೆ. ಕಾರ್ಕಳದ ಬಾಹುಬಲಿ ನಿಂತದ್ದು 1432ರಲ್ಲಿ, ವೇಣೂರಿನದು 1604ರಲ್ಲಿ. ಶತಮಾನಗಳ ತರುವಾಯ ಅದೇ ಕಾರ್ಕಳದಲ್ಲಿ ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ತಮ್ಮ ಬಳಗದೊಡನೆ ಕೆತ್ತಿದ ಮಹಾಮೂರ್ತಿಯು 1982ರಲ್ಲಿ ಧರ್ಮಸ್ಥಳದಲ್ಲಿ ಪ್ರತಿಷ್ಠಿತವಾಯಿತು.

ಐದನೆಯದು ಧರ್ಮೋಪದೇಶ, ಎಂದರೆ ಕಲಿತುದನ್ನು ಕಲಿಸುವುದು. ಈ ನೆಲೆಯಲ್ಲಿ ಯಾರೂ ಕೇವಲ ಶ್ರೋತೃಗಳಲ್ಲ. ಅಜ್ಜಿಯು ಹಾಡನ್ನು ಕಲಿಸಲಿ. ಮೊಮ್ಮಗಳು ಆ ಹಾಡನ್ನು ಧ್ವನಿಮುದ್ರಿಸಿ, ಬರೆದಿಟ್ಟು, ಅಜ್ಜಿಗೆ ಓದಿ ಹೇಳಲಿ.

ಕಾಲವೆಲ್ಲಿದೆ ಎಂಬ ಪ್ರಶ್ನೆಗೆ ಶ್ರಾವಕಾಚಾರವೇ ಉತ್ತರ ನೀಡಿದೆ. ರಾತ್ರಿಭೋಜನತ್ಯಾಗವುಳ್ಳ ಮನೆಗಳಲ್ಲಿ ಸೂರ್ಯಾಸ್ತಕ್ಕೆ ಮುಂಚೆಯೇ ಅಡಿಗೆ, ಊಟ, ಪಾತ್ರೆಗಳ ಕೆಲಸ ಮುಗಿದಿರುತ್ತವೆ. ಸಂಜೆಯ ಆ ಒಂದು ಗಂಟೆಯು ಪೂರ್ವಿಕರು ಉಳಿಸಿಕೊಟ್ಟ ಆಸ್ತಿ. ವರ್ಷದ ಕ್ರಮವೂ ಸಿದ್ಧವಾಗಿಯೇ ಇದೆ: ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು ಶುಚಿಮಾಡಿ ಹೊಸ ವಸ್ತ್ರದಲ್ಲಿ ಕಟ್ಟಿ ಪಾಠವನ್ನು ಆರಂಭಿಸುವುದು, ಚಾತುರ್ಮಾಸ್ಯದಲ್ಲಿ ತ್ಯಾಗಿಗಳ ಸನ್ನಿಧಿಯಲ್ಲಿ ಅಧ್ಯಯನ, ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಕಲಿತವರಿಂದ ಗಾಯನ, ಪ್ರವಚನ, ಆಷ್ಟಾಹ್ನಿಕಗಳಲ್ಲಿ ಚಿತ್ರ ಮತ್ತು ಮಂಡಲಗಳ ಅಭ್ಯಾಸ.

ಧನದ ವಿಷಯವಾಗಿಯೂ ಒಂದು ಮಾತು. ಪ್ರತಿಷ್ಠೆಯ ಕಲಶಗಳ ಸವಾಲಿನಲ್ಲಿ ಶ್ರಾವಕರು ತೋರುವ ಔದಾರ್ಯವು ಸ್ತುತ್ಯವಾದುದು. ಆ ಧನದಲ್ಲಿ ಒಂದು ಪಾಲನ್ನು ಶಾಸ್ತ್ರದಾನವೆಂದು ಪ್ರತ್ಯೇಕವಾಗಿರಿಸಿ, ಅದರ ಲೆಕ್ಕವನ್ನು ವರ್ಷಕ್ಕೊಮ್ಮೆ ಸಭೆಯ ಮುಂದಿಟ್ಟರೆ, ಒಂದು ಕಪಾಟು, ಕೆಲವು ಚಾಪೆ, ದೀಪ, ಪುಸ್ತಕಗಳು, ದೂರದಿಂದ ಬರುವ ವಿದ್ವಾಂಸರ ಪ್ರಯಾಣವೆಚ್ಚ ಇವೆಲ್ಲಕ್ಕೂ ಸಾಲುತ್ತದೆ. ಕನ್ನಡಕ್ಕೆ 2008ರಲ್ಲಿ, ಪ್ರಾಕೃತಕ್ಕೆ 2024ರಲ್ಲಿ ಕೇಂದ್ರ ಸರಕಾರವು ಶಾಸ್ತ್ರೀಯ ಭಾಷೆಯ ಮನ್ನಣೆ ನೀಡಿದೆ. ಶ್ರವಣಬೆಳಗೊಳದಲ್ಲಿ ಪ್ರಾಕೃತ ಅಧ್ಯಯನಕ್ಕೆ ಸಂಸ್ಥೆಯೇ ಇದೆ. ಮನ್ನಣೆಗಳೂ ದೊಡ್ಡ ಸಂಸ್ಥೆಗಳೂ ಅಗತ್ಯವೇ. ಆದರೆ ಅಲ್ಲಿಗೆ ಹೋಗಲಾಗದ ಗೃಹಿಣಿಗೆ, ನಿವೃತ್ತರಿಗೆ, ಶಾಲೆಯ ಮಕ್ಕಳಿಗೆ ಊರ ಬಸದಿಯ ಮೊಗಸಾಲೆಯೇ ವಿದ್ಯಾಪೀಠವಾಗಬೇಕು. ಸಮವಸರಣದಂತೆ ಇದರ ಬಾಗಿಲೂ ತೆರೆದಿರಲಿ. ಕಲಿಯುವ ಆಸೆಯಿಂದ ಬರುವ ಅನ್ಯಮತೀಯರಿಗೂ ಚಾಪೆಯ ಮೇಲೆ ಸ್ಥಳವಿರಲಿ.

ಧರ್ಮಬಂಧುಗಳೆ, ಬಿಂಬದ ಪ್ರತಿಷ್ಠೆಯನ್ನು ಆಚಾರ್ಯರು ನೆರವೇರಿಸಿದ್ದಾರೆ. ಶ್ರುತದ ಪ್ರತಿಷ್ಠೆಯನ್ನು ಸಮಾಜವೇ ನೆರವೇರಿಸತಕ್ಕದ್ದು. ಅದಕ್ಕೆ ಮುಹೂರ್ತವು ಬರುವ ಶ್ರುತಪಂಚಮಿ. ಅಂದಿನ ಸಂಜೆ ಪ್ರತಿಯೊಂದು ಮನೆಯಿಂದಲೂ ಒಬ್ಬ ಹಿರಿಯರು ತಾವು ಬಲ್ಲ ಒಂದು ವಿದ್ಯೆಯೊಡನೆ, ಒಬ್ಬ ಕಿರಿಯರು ತಾವು ಕೇಳಬೇಕೆಂದಿರುವ ಒಂದು ಪ್ರಶ್ನೆಯೊಡನೆ ಈ ಮೊಗಸಾಲೆಗೆ ಬರುವರೆಂದು ಸಭೆಯು ಇಂದೇ ಸಂಕಲ್ಪಿಸಲಿ.

ಎಲ್ಲರಿಗೂ ಸದ್ಧರ್ಮವೃದ್ಧಿಯಾಗಲಿ.