‘ಇಲ್ಲಿತ್ತು’ ಎಂದು ತೋರಿಸುವಾಗ

(ಶತಮಾನೋತ್ಸವದ ಅಂಗವಾಗಿ ನಡೆದ ಪೋಷಕರ ಮತ್ತು ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ಇಂದು ಬೆಳಗಿನಿಂದ ಈ ಅಂಗಳದಲ್ಲಿ ಒಂದೇ ಮಾತನ್ನು ಹಲವರ ಬಾಯಲ್ಲಿ ಕೇಳಿದೆ. “ನೋಡು ಮಗು, ನಾವು ಕೂರುತ್ತಿದ್ದುದು ಇಲ್ಲೇ.” ಹಳೆಯ ವಿದ್ಯಾರ್ಥಿಗಳು ತಮ್ಮ ಮಕ್ಕಳ ಕೈಹಿಡಿದು ಕಿಟಕಿಯನ್ನೂ ಮರದ ಬುಡವನ್ನೂ ತೋರಿಸುತ್ತಿದ್ದರು. ಮಕ್ಕಳು ವಿನಯದಿಂದ ತಲೆಯಾಡಿಸಿ, ಗೇಟಿನ ಬಳಿಯ ಐಸ್‌ಕ್ರೀಮ್ ಗಾಡಿಯ ಕಡೆಗೆ ನೋಡುತ್ತಿದ್ದರು. ನನಗೆ ನಗು ಬಂದಿತು. ನಾನೂ ಹೀಗೆಯೇ ತೋರಿಸಲು ಹೋಗಿ ಸೋತವಳು. ಆ ಸೋಲಿನ ಸಂಗತಿಯನ್ನೇ ಇಂದು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ನನ್ನ ಹುಟ್ಟೂರು ತಳಿ, ಜವಳಗಿರಿಯ ಕಡೆ, ಕಾಡಂಚಿನ ಒಂದು ಸಣ್ಣ ಹಳ್ಳಿ. ನಮ್ಮ ತಂದೆಯವರು ಹುಟ್ಟಿದಾಗ ಅದು ಸೇಲಂ ಜಿಲ್ಲೆಗೆ ಸೇರಿತ್ತು. 1956ರಲ್ಲಿ ಭಾಷಾವಾರು ರಾಜ್ಯಗಳು ರಚನೆಯಾದಾಗಲೂ ಅಲ್ಲಿಯೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು. ನಾನೂ ನನ್ನ ಮಗನೂ ಹುಟ್ಟಿದ್ದು ಆ ಜಿಲ್ಲೆಯಲ್ಲಿ. 2004ರ ಫೆಬ್ರವರಿಯಲ್ಲಿ ಕೃಷ್ಣಗಿರಿ ಜಿಲ್ಲೆ ಬೇರೆಯಾಯಿತು; ಮರುವರ್ಷ ಹುಟ್ಟಿದ ಮಗಳು ಅದರವಳು. ಒಂದೇ ಮನೆ, ಮೂರು ಜಿಲ್ಲೆ. ಮನೆಯೇನೋ ಇದ್ದಲ್ಲಿಂದ ಒಂದು ಗೇಣೂ ಕದಲಲಿಲ್ಲ. ನಮ್ಮ ಸೀಮೆಯ ಸ್ವಭಾವವೇ ಹೀಗೆ. ‘ಹೊಸೂರು’ ಎಂದರೆ ಹೊಸ ಊರು ಎಂದು ನಮ್ಮ ಕಿವಿಗೆ ಹೇಳಿಕೊಡಬೇಕಾಗಿಲ್ಲ. ಬಸ್ಸಿನ ಹಲಗೆಯ ಮೇಲೆ ಅದು ತಮಿಳಿನಲ್ಲಿ ‘ಓಸೂರ್’ ಆಗಿದೆ. ಎರಡನ್ನೂ ಅನ್ನುತ್ತಲೇ ಬೆಳೆದವರು ನಾವು.

ಎರಡು ವರ್ಷದ ಹಿಂದೆ, ಸಂಕ್ರಾಂತಿಯ ರಜೆಯಲ್ಲಿ, ಬೆಂಗಳೂರಿನಲ್ಲಿ ಓದುತ್ತಿದ್ದ ಮಕ್ಕಳಿಬ್ಬರನ್ನೂ ಊರಿಗೆ ಕರೆದುಕೊಂಡು ಹೋದೆ. ಬಸ್ಸಿಳಿದ ಕೂಡಲೇ ನನ್ನೊಳಗಿನ ಉಪಾಧ್ಯಾಯಿನಿ ಎದ್ದು ನಿಂತಳು. ಇಲ್ಲಿ ಕಣವಿತ್ತು, ಇಲ್ಲಿ ಸೇದುವ ಬಾವಿಯಿತ್ತು, ಈ ಬದಿಯ ಮೇಲೆ ಸಾಲಾಗಿ ಹುಣಸೆಮರಗಳಿದ್ದವು. ಕಣವಿದ್ದ ಕಡೆ ಈಗ ಗುಲಾಬಿ ಬೆಳೆಯುವ ಪಾಲಿಹೌಸ್ ಇದೆ. ಬಾವಿಗೆ ಮಣ್ಣು ತುಂಬಿದ್ದಾರೆ. ಅರ್ಧ ಗಂಟೆ ಕೇಳಿದ ಮೇಲೆ ಮಗ ಮೆಲ್ಲಗೆ ಅಂದ: “ಅಮ್ಮ, ನೀನು ಬೆಳಗಿನಿಂದ ಇಲ್ಲದ್ದನ್ನೇ ತೋರಿಸುತ್ತಿದ್ದೀಯ.”

ಅವನ ಮಾತಿನಲ್ಲಿ ಕುಚೋದ್ಯವಿರಲಿಲ್ಲ. ಆದುದರಿಂದಲೇ ನಾಟಿತು. ತೊರಪಳ್ಳಿಯಲ್ಲಿ ರಾಜಾಜಿಯವರು ಹುಟ್ಟಿದ ಮನೆಯನ್ನು ಸರಕಾರ ಸ್ಮಾರಕವಾಗಿ ಉಳಿಸಿದೆ. ನಮ್ಮ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದರೆ ಗೋಡೆ ಇದೆ, ಬಾಗಿಲು ಇದೆ, ಕೈಯಿಟ್ಟು ನೋಡಬಹುದು. ಮಾಲೂರು ತಾಲ್ಲೂಕಿನ ಮಾಸ್ತಿಯವರು ತಮ್ಮ ಬದುಕನ್ನು ‘ಭಾವ’ ಎಂಬ ಸಂಪುಟಗಳಲ್ಲಿ ಬರೆದಿಟ್ಟರು; ಊರು ಎಷ್ಟು ಬದಲಾದರೂ ಪುಟ ತೆರೆದರೆ ಸಿಕ್ಕುತ್ತದೆ. ನಮ್ಮಂಥ ಸಾಮಾನ್ಯರಿಗೆ ಫಲಕವೂ ಇಲ್ಲ, ಪುಸ್ತಕವೂ ಇಲ್ಲ. ನಾವು ಬೆರಳು ತೋರಿಸಿದ ಕಡೆ ಮಕ್ಕಳಿಗೆ ಕಾಣುವುದು ಪ್ಲಾಸ್ಟಿಕ್ ಹೊದಿಕೆ.

ನಾನು ಮಾತು ನಿಲ್ಲಿಸಿ, ಅವರನ್ನು ಅಕ್ಕನ ಮನೆಗೆ ಕರೆದುಕೊಂಡು ಹೋದೆ. ಅಕ್ಕ ಇಂದಿಗೂ ಆ ಊರಿನಲ್ಲಿಯೇ ಇದ್ದಾಳೆ. ಅದು ಅವರೆಯ ಕಾಲ. ಅವಳು ಊರಿನ ಇತಿಹಾಸವನ್ನು ಹೇಳಲು ಕೂರಲಿಲ್ಲ. ನೆನೆಹಾಕಿದ ಅವರೆಕಾಳಿನ ಪಾತ್ರೆಯನ್ನು ಮಕ್ಕಳ ಮುಂದಿಟ್ಟು, “ಹಿದುಕ್ರಿ” ಅಂದಳು. ಹಿದುಕಿದ ಮೊದಲ ಕಾಳು ಮಗನ ಬೆರಳಿನಿಂದ ಚಿಮ್ಮಿ ಗೋಡೆಗೆ ಬಿತ್ತು. ಆಮೇಲೆ ಒಂದು ಗಂಟೆ ಇಬ್ಬರೂ ಏಳಲಿಲ್ಲ. ಕೈಗೆ ಅಂಟಿದ ವಾಸನೆ ಏನೆಂದು ಮಗಳು ಕೇಳಿದಳು. “ಸೊಗಡು” ಅಂದಳು ಅಕ್ಕ. ಆ ಪದವನ್ನು ಮಗಳು ಅಂದೇ ಮೊದಲು ಕೇಳಿದ್ದು. ಇಪ್ಪತ್ತು ಸಲ ವಿವರಿಸಿದರೂ ನನ್ನಿಂದ ಕಲಿಸಲಾಗದ ಪದ ಅದು.

ಕೈಗೆ ಕೆಲಸವಿದ್ದಾಗ ಮಕ್ಕಳ ಬಾಯಿಂದ ಪ್ರಶ್ನೆ ತಾನಾಗಿ ಬರುತ್ತದೆ ಎಂಬುದನ್ನು ಮೂವತ್ತು ವರ್ಷ ಪಾಠ ಮಾಡಿದ ನಾನು ಮರೆತಿದ್ದೆ. “ಇಲ್ಲಿ ನಿಂಗೆ ಭಯ ಆಗಿದ್ದು ಯಾವಾಗ?” ಎಂದಳು ಮಗಳು. ಭಯವೆಂದರೆ ಆನೆ. ರಾಗಿ ತೆನೆಗಟ್ಟುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆಗಳ ಹಿಂಡು ಜವಳಗಿರಿಯ ಕಾಡಿಗಿಳಿದು ನಮ್ಮ ಹೊಲಗಳಿಗೆ ಬರುತ್ತಿತ್ತು. ಅಪ್ಪ ಅಟ್ಟಣೆಯ ಮೇಲೆ ಕುಳಿತು ತಗಡು ಬಡಿಯುತ್ತಿದ್ದರು. ನಾವಿಬ್ಬರೂ ಒಂದೇ ಕಂಬಳಿಯೊಳಗೆ ಮುದುರಿಕೊಂಡು, ಕತ್ತಲೆಯಲ್ಲಿ ರಾಗಿ ಕೀಳುವ ಸದ್ದನ್ನು ಕೇಳುತ್ತಿದ್ದೆವು. ಆ ಸೀಮೆಯ ಕಾಡಿನ ಒಂದು ಭಾಗ 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮವಾಗಿದೆ. “ಆನೆ ಈಗ್ಲೂ ಬರ್ತವೆ ಮಗ, ಹೊಲ ಕಾಯೋ ಹುಡುಗ್ರೇ ಇಲ್ಲ” ಎಂದು ಅಕ್ಕ ನಕ್ಕಳು.

ಮುಂದಿನ ಪ್ರಶ್ನೆಗೆ ನಾನು ಸಿದ್ಧಳಿರಲಿಲ್ಲ. “ನೀನು ಎಂ.ಎ. ಓದಿದೆ. ದೊಡ್ಡಮ್ಮ ಯಾಕೆ ಓದಲಿಲ್ಲ?”

ಅಕ್ಕ ಏಳನೆಯ ತರಗತಿಗೆ ನಿಂತಳು. ಹೈಸ್ಕೂಲಿಗೆ ಕಾಡಂಚಿನ ದಾರಿಯಲ್ಲಿ ನಡೆದು ಹೋಗಬೇಕಿತ್ತು. ಬೆಳೆದ ಹುಡುಗಿಯನ್ನು ಒಬ್ಬಳೇ ಕಳಿಸಲು ಅಪ್ಪ ಒಪ್ಪಲಿಲ್ಲ. ನಾನು ಆ ವಯಸ್ಸಿಗೆ ಬರುವಷ್ಟರಲ್ಲಿ ಬಸ್ಸು ಬಂದಿತ್ತು. ಇಷ್ಟೇ ವ್ಯತ್ಯಾಸ. ನನಗಿಂತ ಅವಳ ಲೆಕ್ಕ ಚುರುಕಾಗಿತ್ತು. ಈ ಸಂಗತಿಯನ್ನು ನಾನು ನನ್ನ ಮಕ್ಕಳಿಗೆ ಎಂದೂ ಹೇಳಿರಲಿಲ್ಲ. ನಾನು ಹೇಳುತ್ತಿದ್ದ ಬಾಲ್ಯದಲ್ಲಿ ಹುಣಸೆಮರವಿತ್ತು, ಕಣವಿತ್ತು, ಜಾತ್ರೆಯಿತ್ತು. ಶಾಲೆ ಬಿಟ್ಟ ಅಕ್ಕ ಇರಲಿಲ್ಲ. ಸವಿನೆನಪು ಎಂದು ನಾವು ಕರೆಯುವುದು ಎಷ್ಟೋ ಸಲ ಆರಿಸಿಕೊಂಡ ನೆನಪು. ಸಿಹಿಯನ್ನಷ್ಟೇ ಕೊಟ್ಟರೆ ಮಕ್ಕಳು ನಂಬುವುದಿಲ್ಲ, ಅಥವಾ ನಂಬಿ ಬೇಸರಪಡುತ್ತಾರೆ.

ಅಕ್ಕ ಒಳಗೆ ಹೋಗಿ ಟ್ರಂಕಿನಿಂದ ಒಂದು ಕಟ್ಟು ತಂದಳು. ಬಿ.ಎಡ್. ಓದುವಾಗ ಹಾಸ್ಟೆಲಿನಿಂದ ನಾನು ಅವಳಿಗೆ ಬರೆದ ಇನ್‌ಲ್ಯಾಂಡ್ ಪತ್ರಗಳು. “ನಿಮ್ಮಮ್ಮನೇ ಬರ್ದಿದ್ದು, ಓದು” ಎಂದು ಮಗಳ ಕೈಗಿಟ್ಟಳು. ಮಗಳು ಅದನ್ನು ಹಿಂದೆ ಮುಂದೆ ತಿರುಗಿಸಿ ನನ್ನ ಮುಖ ನೋಡಿದಳು. ಅವಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು.

ಸಭೆಯಲ್ಲಿರುವ ಪೋಷಕರೆ, ಕನ್ನಡ ಮಾಧ್ಯಮ ಶಾಲೆಯ ಮುಖ್ಯೋಪಾಧ್ಯಾಯಿನಿಯ ಮಗಳು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಈ ಮಾತನ್ನು ನನ್ನ ಬೆನ್ನ ಹಿಂದೆ ಆಡಿದವರಿದ್ದೀರಿ. ನಾನೇ ಎದುರಿಗೆ ಆಡಿಬಿಡುವುದು ಒಳ್ಳೆಯದು. 2006ರ ಕಾಯಿದೆಯಿಂದ ನಮ್ಮ ರಾಜ್ಯದಲ್ಲಿ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ಅಲ್ಪಸಂಖ್ಯಾತ ಭಾಷೆಯ ಶಾಲೆಗಳಿಗೆ ಅದರಿಂದಾದ ಕಷ್ಟವನ್ನು ನಾನು ಬಲ್ಲೆ. ಆದರೆ ಮಗಳು ತಮಿಳು ಚೆನ್ನಾಗಿ ಕಲಿತಳು, ಅದು ನನಗೆ ಸಂತೋಷವೇ. ನಾವಿರುವ ನೆಲದ ಭಾಷೆ ಅದು. ಸಂಜೆಯ ಹೊತ್ತು ಮನೆಯಲ್ಲಿ ಅ ಆ ಇ ಈ ತಿದ್ದಿಸಬಾರದೆಂದು ಯಾವ ಕಾಯಿದೆಯೂ ಹೇಳಿರಲಿಲ್ಲ. ಊರ ಮಕ್ಕಳಿಗೆ ತಿದ್ದಿಸಿ ಮನೆಗೆ ಬರುವಷ್ಟರಲ್ಲಿ ನನಗೆ ದಣಿವಾಗಿರುತ್ತಿತ್ತು. ಕಾರಣ ಅಷ್ಟೇ.

ಅಂದು ಏಳನೆಯ ತರಗತಿಯ ಅಕ್ಕ ಕನ್ನಡಕ ಹಾಕಿಕೊಂಡು, ಕಾಲೇಜು ಓದುವ ಮಗಳಿಗೆ ನನ್ನ ಪತ್ರವನ್ನು ಓದಿ ಹೇಳಿದಳು. ಹುಣಸೆಹಣ್ಣು ಮಾರಿದ ಹಣವನ್ನು ಇನ್ನು ಕಳಿಸಬೇಡ, ನಿನಗೆ ಒಂದು ಸೀರೆ ತೆಗೆದುಕೋ ಎಂದು ಅದರಲ್ಲಿ ಬರೆದಿದ್ದೆ. ಬೆಳಿಗ್ಗೆ ನಾನು ಬೆರಳಿಟ್ಟು ತೋರಿಸಿದ, ಈಗ ಇಲ್ಲದ ಆ ಮರಗಳು ಎಲ್ಲಿದ್ದವು ಎಂದು ಮಕ್ಕಳು ಆಗ ತಾವಾಗಿಯೇ ಕೇಳಿದರು. ಅಕ್ಕ ಅವರನ್ನು ಕರೆದುಕೊಂಡು ಬದಿಯವರೆಗೂ ಹೋದಳು. ನಾನು ಮನೆಯಲ್ಲೇ ಕುಳಿತಿದ್ದೆ.

ಈ ಅನುಭವದ ನಂತರ ನಮ್ಮ ಆರನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟೆವು: ಅಜ್ಜನೋ ಅಜ್ಜಿಯೋ ಶಾಲೆಗೆ ನಡೆದ ದಾರಿಯ ನಕ್ಷೆಯನ್ನು ಅವರಿಂದಲೇ ಕೇಳಿ ಬರೆದು ತನ್ನಿ, ಶಾಲೆಗೆ ಹೋಗದವರಾದರೆ, ಹೋದ ಬೇರೆ ದಾರಿಯನ್ನು ಬರೆಯಿರಿ. ನಮ್ಮ ಮಕ್ಕಳಲ್ಲಿ ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ತಮಿಳು, ತರಗತಿಯಲ್ಲಿ ಕನ್ನಡ ಆಡುವವರು ಬಹಳ. ನಕ್ಷೆಗಳಲ್ಲಿ ಮೂರೂ ಭಾಷೆಯ ಹೆಸರುಗಳಿದ್ದವು. ಇಂದು ಬಡಾವಣೆಯಿರುವ ಕಡೆ ಕೆರೆಗಳಿದ್ದವು. ಹಲವು ಅಜ್ಜಿಯರ ದಾರಿ ಸೌದೆಯ ಕಡೆಗೋ ಕೂಲಿಯ ಕಡೆಗೋ ಹೋಗಿತ್ತು. ಆ ನಕ್ಷೆಗಳನ್ನು ಮೇಲಿನ ಕೊಠಡಿಯಲ್ಲಿ ತೂಗುಹಾಕಿದ್ದೇವೆ. ಊಟಕ್ಕೆ ಮುನ್ನ ದಯವಿಟ್ಟು ನೋಡಿ. ನಿಮ್ಮ ಮನೆಯ ಹಿರಿಯರದೂ ಇರಬಹುದು.

ಮಗಳ ವಿಷಯ ಅರ್ಧಕ್ಕೆ ಬಿಟ್ಟೆ. ಈಗ ಅವಳು ಭಾನುವಾರಗಳಲ್ಲಿ ಅಕ್ಷರ ಕಲಿಯುತ್ತಿದ್ದಾಳೆ, ನನ್ನಿಂದಲ್ಲ, ಅವಳ ದೊಡ್ಡಮ್ಮನಿಂದ, ಫೋನಿನಲ್ಲಿ. ಆ ಕಟ್ಟಿನ ಪತ್ರಗಳ ಫೋಟೋ ತೆಗೆದಿಟ್ಟುಕೊಂಡಿದ್ದಾಳೆ. ಮೊನ್ನೆ ನಾನು ಅಡಿಗೆಮನೆಯಲ್ಲಿದ್ದೆ. ಮಗಳು ಹಜಾರದಲ್ಲಿ ಕುಳಿತು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಿದ್ದಳು. ‘ಅಕ್ಕನಿಗೆ’ ಎಂಬಲ್ಲಿ ಒತ್ತಕ್ಷರ ಬಿಟ್ಟು ‘ಅಕನಿಗೆ’ ಅಂದಳು. ಆ ಕಡೆಯಿಂದ ಅಕ್ಕ ತಿದ್ದಿದಳು.